ಹೊಲಿಗೆ ಬರದವರು ಮಗುವಿನ ಖೋಲಿಗೆ ಬಟ್ಟೆಯಲ್ಲಿ ಏನು ಮಾಡಬಹುದು? ಕುಬಸದ ಖಣ ಬಹಳ ಇವೆ

ನವನಗರ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ನನ್ನ ಕುಬಸ, ಅಂದರೆ ಸೀಮಂತ ಆಯಿತು. ಉಡಿ ತುಂಬಿದವರೆಲ್ಲ ಖಣ, ಅಂದರೆ ಜಂಪರ್ ಪೀಸು ಕೊಟ್ಟಿದ್ದಾರೆ. ಹಸಿರು, ಕೆಂಪು, ನೇರಳೆ, ಎಲ್ಲಾ ಬಣ್ಣದವೂ ಇವೆ. ಅಷ್ಟಕ್ಕೂ ಜಂಪರ್ ಹೊಲಿಸಲು ಆಗುವುದಿಲ್ಲ, ಬೇರೆಯವರ ಉಡಿಗೆ ದಾಟಿಸಲು ಮನಸ್ಸಿಲ್ಲ. ಹೆರಿಗೆಗೆ ಗದಗಕ್ಕೆ, ತವರಿಗೆ ಹೋಗುತ್ತೇನೆ. ಮಗುವಿಗೆ ಐದು ತಿಂಗಳಾದ ಮೇಲೆ ಹುಬ್ಬಳ್ಳಿಗೆ ವಾಪಸ್ ಬರುವುದು ಅಂತ ಮಾತಾಗಿದೆ. ಇಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಸಣ್ಣ ಖೋಲಿ ಖಾಲಿ ಇದೆ, ಹೋಗುವುದರೊಳಗೆ ಅದನ್ನು ಮಗುವಿಗೆ ಅಂತ ಚೆಂದ ಮಾಡಿಟ್ಟು ಹೋಗಬೇಕು ಅಂತ ನನ್ನ ಆಸೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕರಡಿ, ಚಂದಮಾಮನ ಸ್ಟಿಕರ್ ಬೇಡ. ನಮ್ಮ ಮಂದಿ ಪ್ರೀತಿಯಿಂದ ಕೊಟ್ಟ ಬಟ್ಟೆಯೇ ಗೋಡೆಯ ಮೇಲೆ ಇರಲಿ ಅನ್ನಿಸುತ್ತಿದೆ.

ಆದರೆ ನನಗೆ ಹೊಲಿಗೆ ಬರುವುದಿಲ್ಲ, ಮನೆಯಲ್ಲಿ ಮಷೀನೂ ಇಲ್ಲ. ಕೈಹೊಲಿಗೆ ಕಲಿಯೋಣ ಅಂದರೆ ಅತ್ತೆಯವರು ಮಗು ಬರುವ ಖೋಲಿಯಲ್ಲಿ ಸೂಜಿ, ಗುಂಡುಸೂಜಿ ತರಲೇಬೇಡ ಎನ್ನುತ್ತಾರೆ, ಎಲ್ಲಾದರೂ ಒಂದು ಬಿದ್ದು ಉಳಿದರೆ ಕಷ್ಟ ಅಲ್ವಾ, ಅದು ನನಗೂ ಸರಿ ಅನ್ನಿಸಿತು. ತೊಟ್ಟಿಲನ್ನೂ ಮಗು ಹುಟ್ಟುವ ಮೊದಲು ತರಬಾರದು ಎಂದಿದ್ದಾರೆ. ಅದಕ್ಕೂ ನಾನು ಹೂಂ ಎಂದಿದ್ದೇನೆ, ಹಾಗಾಗಿ ಈಗ ಮಾಡುವುದೆಲ್ಲ ಗೋಡೆಗೆ ಮತ್ತು ಕಿಟಕಿಗೆ ಮಾತ್ರ. ಮನೆ ಮಾಲೀಕರು ಮೊಳೆ ಹೊಡೆಯಲು ಬಿಡುವುದಿಲ್ಲ.

ಸೂಜಿ ಇಲ್ಲದೆ, ಮೊಳೆ ಇಲ್ಲದೆ ಏನೇನು ಆಗುತ್ತದೆ? ಅಮ್ಮನ ಹಳೆಯ ಇಳಕಲ್ ಸೀರೆಯೂ ಒಂದಿದೆ, ಟ್ರಂಕಿನಲ್ಲಿ ಬಹಳ ವರ್ಷದಿಂದ ಇದೆ. ಅದನ್ನೂ ಬಳಸಬಹುದಾ?

ಧಾರವಾಡ_ಟೇಲರಿಂಗ್

ತಂಗಿ, ಮೊದಲು ಖಣದ ಮಾತು. ಕುಬಸಕ್ಕೆ ಬಂದ ಖಣ ಮಗುವಿನ ಗೋಡೆಗೆ ಹೋಗುವುದು ಎಷ್ಟು ಒಳ್ಳೆಯ ವಿಚಾರ, ಖಂಡಿತ ಮಾಡು.

ನಾನು ಹೊಲಿಗೆ ಕೆಲಸದವಳು. ಆದರೂ ಇದಕ್ಕೆ ಹೊಲಿಗೆ ಬೇಕಿಲ್ಲ ಎಂದೇ ಹೇಳುತ್ತೇನೆ. ಅಂಗಿ ಕಾಲರ್‌ಗೆ ನಾವು ಒಳಗೆ ಇಸ್ತ್ರಿ ಹಾಕಿ ಅಂಟಿಸುವ ಪೇಸ್ಟಿಂಗ್ ಕ್ಯಾನ್ವಾಸ್ ಇರುತ್ತದಲ್ಲ, ಕೆಲವರು ಬಕ್ರಮ್ ಎನ್ನುತ್ತಾರೆ, ಅದೇ ನಿನ್ನ ಸೂಜಿ-ದಾರ. ದುರ್ಗದ ಬೈಲ್ ಕಡೆ ಟೇಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿದರೆ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಕಾಲರಿಗೆ ಹಾಕುವ ಗಟ್ಟಿಯದ್ದು ಬೇಡ, ತೆಳ್ಳಗಿನದು ಕೇಳು. ಅದರ ಒಂದು ಕಡೆ ಕೈ ಆಡಿಸಿದರೆ ಸಣ್ಣ ಸಣ್ಣ ಕಾಳಿನ ಹಾಗೆ ಒರಟಾಗಿ ಹತ್ತುತ್ತದೆ. ಆ ಕಾಳೇ ಅಂಟು. ಅದು ಬಟ್ಟೆಯ ಉಲ್ಟಾ ಕಡೆಗೆ ತಾಗಬೇಕು. ತಿರುಗಿಸಿ ಇಟ್ಟರೆ ಇಸ್ತ್ರಿ ಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ, ನೋಡಿಕೊಂಡು ಇಡು.

ಖಣ ಕತ್ತರಿಸಿದ ಕೂಡಲೇ ಅಂಚಿನಿಂದ ಎಳೆ ಬಿಡುತ್ತದೆ, ಮುಟ್ಟಿದಷ್ಟೂ ಬಿಚ್ಚುತ್ತದೆ. ಅದಕ್ಕೆ ಮೊದಲು ಕತ್ತರಿಸಬೇಡ. ಇಡೀ ಖಣಕ್ಕೆ ಹಿಂದಿನಿಂದ ಕ್ಯಾನ್ವಾಸ್ ಅಂಟಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸು. ಆಗ ಅಂಚು ಕಾಗದ ಕತ್ತರಿಸಿದಷ್ಟು ನೀಟಾಗಿ ಬರುತ್ತದೆ, ಎಳೆ ಬಿಡುವುದಿಲ್ಲ. ಈಗಿನ ಖಣದಲ್ಲಿ ಆರ್ಟ್ ಸಿಲ್ಕ್ ನೂಲು ಜಾಸ್ತಿ, ಜೋರು ಬಿಸಿಗೆ ಮುದುಡುತ್ತದೆ. ಇಸ್ತ್ರಿ ಮಧ್ಯಮಕ್ಕೆ ಇಟ್ಟು, ಮೇಲೆ ತೆಳ್ಳನೆಯ ಹತ್ತಿ ಬಟ್ಟೆಯನ್ನು ನೀರಲ್ಲಿ ಹಿಂಡಿ ಹಾಸಿ, ಅದರ ಮೇಲೆ ಒತ್ತು. ಉಜ್ಜಬೇಡ. ಹತ್ತೆಣಿಸುವವರೆಗೆ ಒತ್ತಿ ಹಿಡಿ, ಎತ್ತು, ಪಕ್ಕದ ಜಾಗಕ್ಕೆ ಹೋಗು. ಉಜ್ಜಿದರೆ ಬಟ್ಟೆ ಜರುಗಿ ನಡುವೆ ಗುಳ್ಳೆ ಬರುತ್ತದೆ. ಮತ್ತೆ, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಜಿಯ ಮೇಲೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಒಂದು ಸಲ ತಣ್ಣೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ ಆಮೇಲೆ ಶುರು ಮಾಡು. ಕೆಂಪು, ನೇರಳೆ ಬೇರೆ ಬೇರೆಯಾಗಿ ನೆನೆಸು, ಬಣ್ಣ ಬಿಡಬಹುದು.

ಇನ್ನು ಏನು ಮಾಡುವುದು ಅಂದರೆ, ನನ್ನ ಮನಸ್ಸಿಗೆ ಬರುವುದು ಬಾವುಟದ ತೋರಣ. ಖಣವನ್ನು ಉಡಿಗೆ ಕೊಡುವಾಗ ಮುಕ್ಕೋನವಾಗಿ ಮಡಚಿ ಇಡುವುದು ನಮ್ಮಲ್ಲಿ ಪದ್ಧತಿಯೇ ಇದೆ, ಅದೇ ಆಕಾರ ಗೋಡೆಗೂ ಬರುತ್ತದೆ. ಆದರೆ ಮುಕ್ಕೋನವಾಗಿ ಕತ್ತರಿಸಬೇಡ, ಗಾಳಿಪಟದ ಆಕಾರದಲ್ಲಿ ಕತ್ತರಿಸು: ಅಗಲ 20 ಸೆಂಟಿಮೀಟರ್, ಉದ್ದ ಮೇಲಿನ ಚೂಪಿನಿಂದ ಕೆಳಗಿನ ಚೂಪಿಗೆ 50. ಅದನ್ನು ನಡುವೆ ಮಡಚಿ ಮಡಿಕೆಯೊಳಗೆ ದಾರ ಇಟ್ಟು, ಎರಡೂ ಪದರವನ್ನು ಬಟ್ಟೆ ಅಂಟಿನಿಂದ ಅಥವಾ ಇಸ್ತ್ರಿಗೆ ಅಂಟುವ ಟೇಪಿನಿಂದ ಕೂಡಿಸಿದರೆ ಮುಂದೆಯೂ ಖಣ, ಹಿಂದೆಯೂ ಖಣ. ಕ್ಯಾನ್ವಾಸ್ ಕಾಣುವುದಿಲ್ಲ, ಬಾವುಟ ದಾರದ ಮೇಲೆ ಜಾರುವುದೂ ಇಲ್ಲ. 80 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದದ ಒಂದು ಪೀಸಿನಲ್ಲಿ ಎರಡು ಸಾಲು ಹಾಕಿ, ನಡುವಿನ ಸಂದಿಯಲ್ಲೂ ತೆಗೆದರೆ ಹತ್ತಕ್ಕಿಂತ ಒಂದು ಹೆಚ್ಚೇ ಸಿಗುತ್ತವೆ. ಖಣದ ದಡಿಯನ್ನು ಎಸೆಯಬೇಡ, ಅದರ ಕೆಲಸ ಕಿಟಕಿಯಲ್ಲಿ ಇದೆ: ಸಾದಾ ಬಿಳಿ ಪರದೆಯ ಕೆಳಗೆ ಇದೇ ಟೇಪ್ ಹಾಕಿ ದಡಿ ಅಂಟಿಸು. ಪರದೆಗೂ ಹೊಲಿಗೆ ಬೇಡ, ಚಿಮಟದ ಹಾಗೆ ಕಚ್ಚುವ ರಿಂಗುಗಳು ಸಿಗುತ್ತವೆ, ಸರಳಿಗೆ ಪೋಣಿಸಿ ಬಟ್ಟೆ ಕಚ್ಚಿಸಿದರೆ ಆಯಿತು.

ಬಿಳಿ ಬಟ್ಟೆ ಎಲ್ಲಿ ಅಂತ ಕೇಳುತ್ತೀಯಾ, ನಿಮ್ಮ ಊರಲ್ಲೇ ಬೆಂಗೇರಿ ಇದೆ. ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘ ಇರುವ ಊರಲ್ಲಿ ಇದ್ದುಕೊಂಡು ಪಾಲಿಯೆಸ್ಟರ್ ಪರದೆ ತಂದರೆ ನನಗೆ ಬೇಜಾರಾಗುತ್ತದೆ. ಖಾದಿ ತೊಳೆದಷ್ಟೂ ಮೆತ್ತಗಾಗುತ್ತದೆ. ಮೊದಲ ತೊಳೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ಅಳತೆಗಿಂತ ಉದ್ದ ತೆಗೆದುಕೋ.

ಮಕ್ಕಳ_ವಾರ್ಡ್_ಸಿಸ್ಟರ್

ಮೇಲಿನ ಅಕ್ಕ ಹೇಳಿದ್ದು ಚೆನ್ನಾಗಿದೆ. ನಾನು ಹೇಳುವುದು ಬಟ್ಟೆ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಅನ್ನುವುದಷ್ಟೇ. ದಯವಿಟ್ಟು ಪೂರ್ತಿ ಓದಿ.

ನೀವು ಗೋಡೆಗೆ ಮತ್ತು ಕಿಟಕಿಗೆ ಮಾತ್ರ ಅಂದಿರಿ, ಅದು ಬಹಳ ಸರಿ. ನಾಳೆ ತೊಟ್ಟಿಲು ಬಂದ ಮೇಲೂ ಅದೇ ನಿಯಮ ಇರಲಿ. ತೊಟ್ಟಿಲ ಸುತ್ತ ಕಟ್ಟುವ ಮೆತ್ತೆ, ಒಳಗೆ ಇಡುವ ಬಟ್ಟೆ ಗೊಂಬೆ, ಜಾಲರಿ, ಗಂಟು ಹಾಕಿದ ಹೊದಿಕೆ, ಇದ್ಯಾವುದೂ ಬೇಡ. ಕೂಸಿನ ಮೂಗಿಗೆ ಮೆತ್ತನೆ ಬಟ್ಟೆ ಒತ್ತಿದರೆ ಅದು ತಾನಾಗಿ ಮುಖ ತಿರುಗಿಸಿಕೊಳ್ಳಲಾರದು. ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ತೊಟ್ಟಿಲ ಸುತ್ತಿನ ಮೆತ್ತೆಗಳ ಮಾರಾಟವನ್ನೇ ನಿಲ್ಲಿಸಿದರು. ಇಲ್ಲಿ ಇನ್ನೂ ಸೆಟ್ ಮಾಡಿ ಮಾರುತ್ತಾರೆ, ಚೆಂದ ಕಾಣುತ್ತದೆ ಅಂತ ಉಡುಗೊರೆ ಕೊಡುತ್ತಾರೆ. ತೊಟ್ಟಿಲಲ್ಲಿ ಬಿಗಿಯಾಗಿ ಹಾಸಿದ ಒಂದು ಹಾಸಿಗೆ, ಅಂಗಾತ ಮಲಗಿದ ಕೂಸು, ಅಷ್ಟೇ ಇರಬೇಕು.

ತೋರಣದ ದಾರ ತೊಟ್ಟಿಲಿನಿಂದ ಕನಿಷ್ಠ ಮೂರು ಅಡಿ ದೂರ ಇರಲಿ, ಪರದೆಯ ದಾರವೂ ಅಷ್ಟೇ. ತುದಿಯಲ್ಲಿ ಉದ್ದ ದಾರ ಜೋತು ಬಿಡಬೇಡಿ, ಗಂಟು ಹಾಕಿ ಕತ್ತರಿಸಿ. ನೀವು ಹುಬ್ಬಳ್ಳಿಗೆ ಬರುವುದೇ ಐದು ತಿಂಗಳಿಗೆ. ಆ ಹೊತ್ತಿಗೆ ಮಗು ಬೋರಲು ಬೀಳುತ್ತದೆ, ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ, ಎಳೆದದ್ದು ನೇರ ಬಾಯಿಗೆ ಹೋಗುತ್ತದೆ. ತೊಟ್ಟಿಲ ಮೇಲೆ ತೂಗುಬಿಡುವ ಆಟಿಕೆಗಳನ್ನು ಬಿಚ್ಚಿ ತೆಗೆಯಬೇಕಾದ ವಯಸ್ಸೇ ಅದು. ನಮ್ಮ ಕಡೆ ಬಟ್ಟೆ ಗಿಣಿಗಳ ಗೊಂಚಲು ಕಟ್ಟುತ್ತಾರಲ್ಲ, ಅದು ನನಗೂ ಇಷ್ಟ, ಅದನ್ನು ಗೋಡೆಯ ಮೇಲ್ಭಾಗಕ್ಕೆ ಹಾಕಿ. ಮಣಿ, ಚಮಕಿ, ಕನ್ನಡಿ ಚೂರು, ಗುಂಡಿ ಯಾವುದನ್ನೂ ಅಂಟಿಸಬೇಡಿ, ಎಷ್ಟೇ ಎತ್ತರದಲ್ಲಿದ್ದರೂ ಅಂಟು ಬಿಟ್ಟ ದಿನ ಅದು ನೆಲಕ್ಕೆ ಬೀಳುತ್ತದೆ, ನೆಲದಲ್ಲಿ ಅಂಬೆಗಾಲಿಡುವವರಿಗೆ ಮೊದಲು ಕಾಣುವುದು ಅದೇ.

ಇನ್ನು ಟ್ರಂಕಿನ ಇಳಕಲ್ ಸೀರೆ. ಇದನ್ನು ಓದಿದ ಕೂಡಲೇ ನಾನು ಬರೆಯಲು ಕೂತೆ. ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕಿದ್ದಾರಾ ನೋಡಿ. ಅದು ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಕೂಸಿಗೆ ಆ ಗುಳಿಗೆಯ ವಾಸನೆ ಹಿಡಿದ ಬಟ್ಟೆಯಿಂದಲೂ ಕೆಂಪು ರಕ್ತಕಣ ಒಡೆದು ಕಾಮಣಿ ಜೋರಾಗಿ ಏರಬಹುದು. ಗದಗದಲ್ಲಿ ಕೂಸಿಗೆ ಸುತ್ತಲು ಹಳೆಯ ಸೀರೆ ತೆಗೆಯುತ್ತಾರಲ್ಲ, ಅಮ್ಮನಿಗೂ ಈಗಲೇ ಹೇಳಿಡಿ. ಸೀರೆಯನ್ನು ಸೋಪು ಹಾಕಿ ತೊಳೆದು, ಗಾಳಿ ಬಿಸಿಲಿಗೆ ಹಲವು ದಿನ ಹರವಿ. ಮೂಗಿಗೆ ಹಿಡಿದು ನೋಡಿ. ವಾಸನೆ ಇನ್ನೂ ಇದ್ದರೆ ಆ ಬಟ್ಟೆ ಮಗುವಿನ ಖೋಲಿಗೆ ಬೇಡ.

ಮತ್ತೊಂದು. ಎರೆದ ಮೇಲೆ ಲೋಬಾನದ ಹೊಗೆ ಹಾಕುವ ಮನೆ ಇದ್ದರೆ ಆ ಕೆಂಡದ ಹತ್ತಿರ ತೋರಣ, ಪರದೆ ಏನೂ ಇರಬಾರದು. ಹೊಗೆ ಕೂಸಿನ ಎದೆಗೂ ಒಳ್ಳೆಯದಲ್ಲ, ಬಿಟ್ಟರೆ ಇನ್ನೂ ಒಳ್ಳೆಯದು, ಹಿರಿಯರ ಹತ್ತಿರ ಸಮಾಧಾನವಾಗಿ ಮಾತಾಡಿ.

ಬೆಟಗೇರಿ_ಮಗ್ಗದಮನೆ

ನಮಸ್ಕಾರ ರೀ. ನಮ್ಮದು ನೇಕಾರರ ಮನೆ, ಅದಕ್ಕೆ ಇಳಕಲ್ ಸೀರೆ ಎಂಬ ಮಾತಿಗೆ ಸುಮ್ನೆ ಇರಲು ಆಗಲಿಲ್ಲ. ಸಿಸ್ಟರ್ ಹೇಳಿದ ಹಾಗೆ ತೊಳೆದು ವಾಸನೆ ಹೋದರೆ ಬಳಸಿ. ಆದರೆ ಕತ್ತರಿಸಬೇಡಿ, ಅಂಟು ಹಚ್ಚಬೇಡಿ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಅಂದರೆ ಉದ್ದದ ಎಳೆಗಳು ಇರುತ್ತವೆ. ಎರಡನ್ನೂ ಮಗ್ಗದ ಮೇಲೆಯೇ ಒಂದೊಂದು ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಹತ್ತಿರ ಕತ್ತರಿ ಇಟ್ಟರೆ ಆ ಕೆಲಸವೇ ಹೋಯಿತು.

ಸೀರೆ ಇಡಿಯಾಗಿ ಉಳಿದು ಗೋಡೆಯೂ ಚೆಂದ ಆಗುವ ದಾರಿ ಇದೆ. ಕಸೂತಿ ಹಾಕುವ ಮರದ ರಿಂಗು ಗೊತ್ತಲ್ಲ, ಒಳಗೊಂದು ಹೊರಗೊಂದು ಬಳೆ, ಮೇಲೆ ತಿರುಪು. ಅದರಲ್ಲಿ ಬಟ್ಟೆ ಬಿಗಿದು ನೇತುಹಾಕುವುದು. ಸಣ್ಣ ಗೋಡೆಗೆ 6, 8, 10 ಇಂಚಿನ ರಿಂಗುಗಳು ಬೇರೆ ಬೇರೆ ಅಳತೆಯಲ್ಲಿ ಇರಲಿ. ಖಣವಾದರೆ ರಿಂಗಿಗಿಂತ ಸುತ್ತಲೂ ಎರಡು ಇಂಚು ಜಾಸ್ತಿ ಬಿಟ್ಟು ಗುಂಡಗೆ ಕತ್ತರಿಸಿ, ಬಿಗಿದು, ಹೆಚ್ಚಿನದನ್ನು ಹಿಂದೆ ಮಡಚಿ ಒಳಬಳೆಗೆ ಅಂಟಿಸಿ. ಎಳೆಯುವಾಗ ಎಳೆ ನೇರ ಇರಬೇಕು. ಹಾಸಿನ ಕಡೆ ಎಳೆದು, ಆಮೇಲೆ ಹೊಕ್ಕಿನ, ಅಂದರೆ ಅಡ್ಡ ಎಳೆಯ ಕಡೆ ಎಳೆಯಿರಿ, ಮೂಲೆಗೆ ಎಳೆದರೆ ಖಣದ ಬುಟ್ಟಾ ಸೊಟ್ಟ ಕಾಣುತ್ತದೆ. ಸೀರೆಯದ್ದಾದರೆ ಸೆರಗನ್ನು ದೊಡ್ಡ ರಿಂಗಿನಲ್ಲಿ ಬಿಗಿದು, ಉಳಿದ ಸೀರೆಯನ್ನು ಮಡಚಿ ಹಿಂದೆ ಇಟ್ಟರೆ ಭಾರವಾಗುತ್ತದೆ, ಅದು ಗೋಡೆಗೆ ಬೇಡ. ಅದರ ಬದಲು ಸೀರೆಯನ್ನು ಒಂದು ಸರಳಿನ ಮೇಲೆ ಹಾಸಿ, ಕೆಂಪು ಬಿಳಿ ಸೆರಗು ಮಾತ್ರ ಮುಂದೆ ಕಾಣುವ ಹಾಗೆ ಬಿಟ್ಟು, ಕಿಟಕಿಯಿಲ್ಲದ ಗೋಡೆಯ ಹತ್ತಿರ, ಮಗುವಿನ ಕೈಗೆ ಸಿಗದ ಎತ್ತರಕ್ಕೆ ಇಡಿ. ಬಿಸಿಲು ನೇರ ಬೀಳಬಾರದು, ಬಣ್ಣ ಇಳಿಯುತ್ತದೆ.

ಆ ಸೀರೆಯ ಮೇಲೆ ಕಸೂತಿ ಇದೆಯಾ? ಇದ್ದರೆ ಅದು ಬೇರೆಯೇ ಭಾಗ್ಯ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಇರುವುದಿಲ್ಲ, ಎರಡೂ ಕಡೆ ಒಂದೇ ರೀತಿ ಕಾಣುತ್ತದೆ. ತೇರು, ಗೋಪುರ, ಆನೆ, ತುಳಸಿ ಕಟ್ಟೆ ಇದ್ದರೆ ಮಗುವಿಗೆ ದಿನಾ ತೋರಿಸಿ ಹೆಸರು ಹೇಳಬಹುದು.

ನವನಗರ_ಹುಬ್ಬಳ್ಳಿ

ಸಿಸ್ಟರ್, ನೀವು ಹೇಳಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಟ್ರಂಕಿನಲ್ಲಿ ಗುಳಿಗೆ ಇವೆಯಂತೆ, ಕೂಸಿಗೆ ಅಂತ ತೆಗೆದಿಟ್ಟ ಮೆತ್ತನೆ ಸೀರೆಗಳೂ ಅದರಲ್ಲೇ ಇವೆಯಂತೆ. ಇವತ್ತೇ ಎಲ್ಲಾ ಹೊರಗೆ ತೆಗೆಯುತ್ತಾರೆ. ನಿಮಗೆ ತುಂಬಾ ಧನ್ಯವಾದ. ಸೀರೆಯಲ್ಲಿ ಕಸೂತಿ ಇದೆ, ಸೆರಗಿನ ಹತ್ತಿರ ಸಣ್ಣ ಸಣ್ಣ ಆನೆ ಇವೆಯಂತೆ! ಅದನ್ನು ಕತ್ತರಿಸುವುದಿಲ್ಲ ರೀ, ಖಂಡಿತ.

ಒಂದು ವಿಷಯ ಉಳಿಯಿತು. ಗಂಜಿ ಹಚ್ಚಿ ಬಟ್ಟೆಯನ್ನೇ ಗೋಡೆಗೆ ಅಂಟಿಸಬಹುದು, ಬೇಡವಾದಾಗ ಸಿಪ್ಪೆ ಸುಲಿದ ಹಾಗೆ ತೆಗೆಯಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮೊಳೆಯ ಗೋಳೇ ಇಲ್ಲ. ನಿಜವಾಗಿಯೂ ಆಗುತ್ತದಾ?

ಹಾವೇರಿ_ವೈನಿ

ಆಗುತ್ತದೆ, ನಾವು ಮಗಳ ಖೋಲಿಗೆ ಮಾಡಿದ್ದೇವೆ. ಆದರೆ ಗೋಡೆ ನೋಡಿ ಮಾಡಬೇಕು. ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್, ಅಲ್ಲಿ ಗಂಜಿ ನಿಲ್ಲುವುದಿಲ್ಲ, ತೆಗೆಯುವಾಗ ಬಣ್ಣವೇ ಕಿತ್ತು ಬರುತ್ತದೆ, ಮಾಲೀಕರ ಮುಂದೆ ಮಾತು ಕೇಳಬೇಕು. ಪ್ಲಾಸ್ಟಿಕ್ ಪೇಂಟ್, ಎಣ್ಣೆ ಪೇಂಟ್ ಇದ್ದರೆ ಚೆನ್ನಾಗಿ ನಿಲ್ಲುತ್ತದೆ.

ಗಂಜಿಗೆ ಎರಡು ಚಮಚ ಮೆಕ್ಕೆಜೋಳದ ಹಿಟ್ಟು, ಅದೇ ಕಾರ್ನ್ ಫ್ಲೋರ್, ಅರ್ಧ ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಎರಡು ಬಟ್ಟಲು ನೀರಿಗೆ ಸುರಿದು ತಿರುವುತ್ತಾ ಇರಿ. ಬೆಳ್ಳಗಿದ್ದದ್ದು ತಿಳಿಯಾಗಿ, ಸೌಟಿನಿಂದ ದಾರದ ಹಾಗೆ ಇಳಿಯಬೇಕು. ಆರಿದ ಮೇಲೆ ಗೋಡೆಗೆ ಬ್ರಶ್ಶಿನಿಂದ ಹಚ್ಚಿ, ಹೂವು, ಎಲೆ, ಮೀನು ಹೇಗೆ ಕತ್ತರಿಸಿದ್ದೀರೋ ಆ ಬಟ್ಟೆ ಇಟ್ಟು, ಮೇಲಿನಿಂದ ಮತ್ತೆ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಗಾಳಿ ಒತ್ತಿ ತೆಗೆಯಿರಿ. ಬೇಡವಾದಾಗ ಒದ್ದೆ ಬಟ್ಟೆ ಒತ್ತಿ ನೆನೆಸಿ ಮೂಲೆಯಿಂದ ಎಳೆದರೆ ಬರುತ್ತದೆ, ಉಳಿದ ಗಂಜಿ ಒರೆಸಿದರೆ ಗೋಡೆ ಮೊದಲಿನ ಹಾಗೆ. ಇದಕ್ಕೆ ತೆಳ್ಳನೆಯ ಹತ್ತಿ ಬಟ್ಟೆಯೇ ಬೇಕು. ಖಣ ದಪ್ಪ, ಜರಿ ಇದ್ದರೆ ಇನ್ನೂ ಗಟ್ಟಿ, ಒಣಗಿದ ಮೇಲೆ ಮೂಲೆ ಏಳುತ್ತದೆ. ಕ್ಯಾನ್ವಾಸ್ ಹಾಕಿದ್ದಂತೂ ನಿಲ್ಲುವುದೇ ಇಲ್ಲ.

ನಿಮ್ಮ ಹುಬ್ಬಳ್ಳಿ-ಧಾರವಾಡದ ಮಳೆಗಾಲ ನಮ್ಮದಕ್ಕಿಂತ ಥಂಡಿ. ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಹೊರಗಿನ ಗೋಡೆ ಒಳಗೂ ಹಸಿ ಆಗುತ್ತದೆ. ಅಂಥ ಗೋಡೆಗೆ ಗಂಜಿ ಬಟ್ಟೆ ಹಾಕಿದರೆ ಬೂಸ್ಟು ಬರುತ್ತದೆ, ಬೂಸ್ಟಿನ ಗಾಳಿ ಕೂಸಿಗೆ ಒಳ್ಳೆಯದಲ್ಲ. ಎರಡು ಖೋಲಿಗಳ ನಡುವಿನ ಒಣ ಗೋಡೆಗೆ ಮಾತ್ರ ಮಾಡಿ. ಗಂಜಿಗೆ ಇರುವೆ, ಜಿರಳೆ ಬರಬಾರದು ಅಂತ ಮೈಲುತುತ್ತ ಹಾಕುವವರು ಇದ್ದಾರೆ, ಪುಸ್ತಕ ಕಟ್ಟುವವರು ಹಾಕುತ್ತಿದ್ದರು. ಅದು ವಿಷ. ಮಗು ಒಂದು ದಿನ ಗೋಡೆ ನೆಕ್ಕುತ್ತದೆ, ಎಲ್ಲಾ ಮಕ್ಕಳೂ ನೆಕ್ಕುತ್ತಾರೆ. ಏನೂ ಹಾಕಬೇಡಿ.

ನನ್ನನ್ನು ಕೇಳಿದರೆ ನೀವು ಈಗ ಗಂಜಿ ಕೆಲಸ ಮಾಡಬೇಡಿ. ನೀವು ಗದಗದಲ್ಲಿ ಇರುವಷ್ಟು ದಿನ ಖೋಲಿ ಮುಚ್ಚಿರುತ್ತದೆ, ಗಾಳಿ ಆಡುವುದಿಲ್ಲ. ತೋರಣ, ರಿಂಗು ಮಾಡಿ ಒಂದು ಹತ್ತಿ ಚೀಲದಲ್ಲಿ ಕಟ್ಟಿಡಿ. ವಾಪಸ್ ಬರುವ ಮುಂಚೆ ನಿಮ್ಮ ಮನೆಯವರು ಹಾಕಲಿ. ಮೊಳೆಯ ಬದಲು ಅಂಟಿಸುವ ಹುಕ್ಕು ಸಿಗುತ್ತವೆ, ರಿಂಗು ಹಗುರ, ಧಾರಾಳ ತಡೆಯುತ್ತವೆ. ಗೋಡೆ ಒರೆಸಿ ಒಣಗಿದ ಮೇಲೆ ಹುಕ್ಕು ಅಂಟಿಸಿ, ಒಂದು ದಿನ ಬಿಟ್ಟು ತೂಗುಹಾಕಬೇಕು. ಪುಡಿ ಬಿಡುವ ಗೋಡೆಯಾದರೆ ಬಾಗಿಲ ಚೌಕಟ್ಟು, ಕಪಾಟಿನ ಬಾಗಿಲಿಗೆ ಅಂಟಿಸಿ. ತೊಟ್ಟಿಲು ಇಡುವ ಜಾಗದ ಮೇಲೆ ಮಾತ್ರ ಏನೂ ಬೇಡ.

ಮಕ್ಕಳ_ವಾರ್ಡ್_ಸಿಸ್ಟರ್

ವೈನಿ ಹೇಳಿದ್ದು ಸರಿ. ಬಣ್ಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ಪಷ್ಟ, ಅಂದರೆ ಎದೆಹಾಲು ಕುಡಿಯುವಾಗ ಅಮ್ಮನ ಮುಖ. ಆಗ ಗೋಡೆಯ ಮೇಲೆ ಏನಿದ್ದರೂ ಅದಕ್ಕೆ ಮಬ್ಬು. ಆದರೆ ಐದು ತಿಂಗಳ ಹೊತ್ತಿಗೆ ಬಣ್ಣ ಚೆನ್ನಾಗಿ ಗುರುತಾಗುತ್ತವೆ, ದೂರದ್ದೂ ಕಾಣುತ್ತದೆ. ನಿಮ್ಮ ಮಗು ಆ ಖೋಲಿಗೆ ಬರುವುದೇ ಆ ವಯಸ್ಸಿಗೆ. ಮಗುವಿಗೆ ಅಂತ ತಿಳಿ ಗುಲಾಬಿ, ತಿಳಿ ನೀಲಿಯೇ ಬೇಕು ಅಂತ ಹುಡುಕಬೇಡಿ. ಖಣದ ಗಾಢ ಹಸಿರು, ಕೆಂಪು, ಅದರ ಮೇಲಿನ ಬುಟ್ಟಾ, ಇವೇ ಅದರ ಕಣ್ಣು ಹಿಡಿಯುತ್ತವೆ. ಹಾಲು ಕುಡಿಸಲು ಕೂರುವ ಕುರ್ಚಿಯ ಎದುರಿನ ಗೋಡೆಗೆ ಹಾಕಿ.

ನವನಗರ_ಹುಬ್ಬಳ್ಳಿ

ಗೋಡೆ ಉಜ್ಜಿ ನೋಡಿದೆ ವೈನಿ, ಪುಡಿ ಹತ್ತುತ್ತದೆ. ಗಂಜಿ ಬಿಟ್ಟೆ. ತೋರಣ ಕಪಾಟಿನ ಮೇಲಂಚಿಗೆ, ರಿಂಗುಗಳು ಕುರ್ಚಿಯ ಎದುರಿನ ಕಪಾಟಿನ ಬಾಗಿಲಿಗೆ. ಟೇಲರಿಂಗ್ ಅಕ್ಕಾ, ನಾಳೆ ದುರ್ಗದ ಬೈಲಿಗೆ ಹೋಗುತ್ತೇನೆ. ಕ್ಯಾನ್ವಾಸ್ ಬಿಳಿ, ಕಪ್ಪು ಎರಡೂ ಇರುತ್ತವಂತೆ, ಯಾವುದು ತರಲಿ? ಈ ತೋರಣ ತೊಳೆಯಲು ಬರುತ್ತದಾ, ಧೂಳು ಹಿಡಿಯುತ್ತದಲ್ಲ?

ಧಾರವಾಡ_ಟೇಲರಿಂಗ್

ಹಸಿರು, ನೇರಳೆ, ಕಡುಗೆಂಪಿಗೆ ಕಪ್ಪು ಕ್ಯಾನ್ವಾಸ್. ಹಳದಿ, ತಿಳಿ ಬಣ್ಣಕ್ಕೆ ಬಿಳಿ. ಗಾಢ ಬಟ್ಟೆಗೆ ಬಿಳಿ ಹಾಕಿದರೆ ಕತ್ತರಿಸಿದ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಅಂಗಡಿಗೆ ಒಂದು ಖಣ ಕೈಯಲ್ಲೇ ಒಯ್ದು ತೋರಿಸು, ಅವರೇ ಹೊಂದುವುದನ್ನು ಕೊಡುತ್ತಾರೆ.

ತೊಳೆಯಬಹುದು. ತಣ್ಣೀರಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ಅದ್ದಿ ಎತ್ತು, ಹಿಂಡಬೇಡ, ಎರಡು ಟವೆಲ್ ನಡುವೆ ಒತ್ತಿ ನೆರಳಲ್ಲಿ ನೇತುಹಾಕು. ಅಂಟು ಎಲ್ಲಾದರೂ ಬಿಟ್ಟಿದ್ದರೆ ಒಣಗಿದ ಮೇಲೆ ಮತ್ತೊಮ್ಮೆ ಇಸ್ತ್ರಿ ಒತ್ತಿದರೆ ಹಿಡಿಯುತ್ತದೆ. ಬಿಸಿ ಅಂಟಿನ ಗನ್ ಮಾತ್ರ ತರಬೇಡ, ಖಣಕ್ಕೆ ಗಡ್ಡೆ ಗಡ್ಡೆಯಾಗಿ ಕೂರುತ್ತದೆ, ತೊಳೆದಾಗ ಉದುರುತ್ತದೆ. ಮತ್ತೆ, ಕೂತು ಇಸ್ತ್ರಿ ಮಾಡು ತಂಗಿ, ಬಹಳ ಹೊತ್ತು ನಿಲ್ಲಬೇಡ. ಕತ್ತರಿಸುವ ಕೆಲಸ ನಿಮ್ಮ ಮನೆಯವರಿಗೆ ಕೊಡು.